ಯಾರ ಕರ್ಮ?

"ಕಯಾ ಭವ್‌ನಾ ಕರಮ್, ಬೇನ್?"

ಯಾವ ಜನ್ಮದ ಕರ್ಮ, ಅಕ್ಕಾ? ಸೂರತ್ತಿನ ವರಾಛಾದ ಒಂದು ಮನೆಯಲ್ಲಿ, ಮಗಳನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತಿದ್ದ ತಾಯಿ ನನ್ನನ್ನು ಹೀಗೆ ಕೇಳಿದಳು. ಮಗಳಿಗೆ ಎಂಟು ತುಂಬಿತ್ತು. ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಕುತ್ತಿಗೆ ನಿಲ್ಲದು, ಮಾತು ಬಂದಿಲ್ಲ. ನಾನು ಹೋಗಿದ್ದು ಎಂ.ಎಡ್. ಪ್ರಬಂಧದ ಕೆಲಸಕ್ಕೆ. ಚೀಲದಲ್ಲಿ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ ಇತ್ತು. ಹೆರಿಗೆ ಎಲ್ಲಾಯಿತು, ಮಗು ಹುಟ್ಟಿದ ಕೂಡಲೇ ಅತ್ತಿತೇ, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡ್ ಆಗಿದೆಯೇ, ಶಾಲೆಯಲ್ಲಿ ಕೇಳಿದ್ದೀರಾ. ಅವಳು ಒಂದೊಂದಕ್ಕೂ ಉತ್ತರ ಹೇಳಿದಳು. ಎಲ್ಲ ಮುಗಿದ ಮೇಲೆ ತನ್ನದೊಂದು ಪ್ರಶ್ನೆ ಮುಂದಿಟ್ಟಳು. ನನ್ನ ನಾಲ್ಕು ಸೆಮಿಸ್ಟರಿನ ಪಠ್ಯದಲ್ಲಿ ಅದಕ್ಕೆ ಜಾಗವಿಲ್ಲ.

"ಹಾಗೇನಿಲ್ಲ ಬೇನ್, ಹುಟ್ಟುವಾಗ ಮಿದುಳಿಗೆ ಆಕ್ಸಿಜನ್ ಸಾಕಾಗಿಲ್ಲ, ಅಷ್ಟೇ" ಎಂದೆ. ಅವಳು ತಲೆಯಾಡಿಸಿದಳು. ಅಷ್ಟನ್ನು ಡಾಕ್ಟರೂ ಹೇಳಿದ್ದರು, ಅವಳಿಗೆ ಗೊತ್ತಿತ್ತು. ಹೇಗಾಯಿತು ಎಂದು ಅವಳು ಕೇಳಿರಲಿಲ್ಲ. ನನ್ನ ಮಗಳಿಗೇ ಯಾಕೆ ಎಂದು ಕೇಳಿದ್ದಳು. ವಿಜ್ಞಾನದ ಮಾತು ಹೇಳಿ ಅವಳ ಬಾಯಿ ಮುಚ್ಚಿಸಿ ಎದ್ದು ಬಂದೆನಲ್ಲಾ ಎಂದು ವಡೋದರ ತಲುಪುವವರೆಗೂ ಮನಸ್ಸು ಕುಟುಕುತ್ತಲೇ ಇತ್ತು.

ನಾನು ಗದಗಿನವಳು. ಮದುವೆಯಾಗಿ ವಡೋದರಕ್ಕೆ ಬಂದು ಇಪ್ಪತ್ತೊಂದು ವರ್ಷ. ಹದಿನಾಲ್ಕು ವರ್ಷ ಇಲ್ಲಿ ಗಣಿತ ಹೇಳಿಕೊಟ್ಟೆ. ಆಮೇಲೆ ವಿಶೇಷ ಶಿಕ್ಷಣದಲ್ಲಿ ಇನ್ನೊಂದು ಬಿ.ಎಡ್. ಮಾಡಿದೆ, ಈಗ ಅದರಲ್ಲೇ ಎಂ.ಎಡ್. ಕಾಲೇಜು ಅಹಮದಾಬಾದಿನಲ್ಲಿ, ನೂರು ಕಿಲೋಮೀಟರು ದೂರ. ಹೀಗೆ ರೈಲಿನಲ್ಲಿ ಹೋಗಿ ಬರುವುದಕ್ಕೆ ಇಲ್ಲಿಯವರು 'ಅಪ್‌ಡೌನ್' ಎನ್ನುತ್ತಾರೆ. ಪಾಸು ಮಾಡಿಸಿಕೊಂಡು ಅಪ್‌ಡೌನ್ ಮಾಡುವ ಟೀಚರುಗಳ ಗುಂಪೊಂದಿದೆ; ಥೇಪ್ಲಾ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಅಸೈನ್‌ಮೆಂಟು ರೈಲಿನಲ್ಲೇ ಮುಗಿಯುತ್ತದೆ. ಇಷ್ಟು ವಯಸ್ಸಾದ ಮೇಲೆ ಮತ್ತೆ ಓದು ಯಾಕೆ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಅದಕ್ಕೊಂದು ಕಾರಣವಿದೆ. ಹೇಳುತ್ತೇನೆ.

ಕರ್ಮ ಎಂಬ ಮಾತು ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅವ್ವ ನನ್ನನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಕಣ್ಣಿಲ್ಲದ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಡೆಯುತ್ತಿದ್ದರು, ಒಳಗಿನಿಂದ ಹಾರ್ಮೋನಿಯಂ ಕೇಳುತ್ತಿತ್ತು. ಅವ್ವ ಪುಟ್ಟರಾಜ ಗವಾಯಿ ಅಜ್ಜಾರ ಪಾದಕ್ಕೆ ಹಣೆ ಹಚ್ಚಿ ನಮಸ್ಕರಿಸುತ್ತಿದ್ದಳು. ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಜೀವ ಅದು. ಅದೇ ಅವ್ವ ಮನೆಗೆ ಬಂದ ಮೇಲೆ, ನಮ್ಮ ಓಣಿಯಲ್ಲಿ ಕಟ್ಟೆಯ ಮೇಲೆ ದಿನವಿಡೀ ಕೂತಿರುತ್ತಿದ್ದ ಕಣ್ಣಿಲ್ಲದ ಹುಡುಗನನ್ನು ನೋಡಿ, "ಹಿಂದಿನ ಜನ್ಮದಾಗ ಏನ್ ಮಾಡಿದ್ದನೋ, ಪಾಪ, ಅವನ ಕರ್ಮ" ಎನ್ನುತ್ತಿದ್ದಳು.

ಇಬ್ಬರಿಗೂ ಇಲ್ಲದ್ದು ಅದೇ ದೃಷ್ಟಿ. ಒಬ್ಬರು ಪೂಜ್ಯರು, ಇನ್ನೊಬ್ಬ ಪಾಪಿ. ಅವ್ವ ಕೆಟ್ಟವಳಲ್ಲ, ಆ ಹುಡುಗನಿಗೆ ಹಬ್ಬದ ಹೋಳಿಗೆ ತಪ್ಪದೆ ಕೊಟ್ಟು ಬರುತ್ತಿದ್ದಳು. ಆದರೆ ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಅವಳೂ ಕೇಳಿಕೊಳ್ಳಲಿಲ್ಲ, ನಾನೂ ಬಹಳ ವರ್ಷ ಕೇಳಿಕೊಳ್ಳಲಿಲ್ಲ. 1914ರಲ್ಲಿ ಹುಟ್ಟಿದ ಆ ಕೂಸಿಗೆ ಪಂಚಾಕ್ಷರಿ ಗವಾಯಿಗಳು ಸಿಕ್ಕರು. ಅವರೂ ಅಂಧರೇ. ಶಿಷ್ಯನೆಂದು ಒಪ್ಪಿಕೊಂಡು ಕೈಹಿಡಿದು ಕಲಿಸಿದರು. ನಮ್ಮ ಓಣಿಯ ಹುಡುಗನಿಗೆ ಹಾಗೆ ಯಾರೂ ಸಿಗಲಿಲ್ಲ. ನಡುವಿನ ಅಂತರವೆಲ್ಲ ಇಷ್ಟೇ. ಇದರಲ್ಲಿ ಪೂರ್ವಜನ್ಮವನ್ನು ಯಾಕೆ ತರಬೇಕು?

ಗುಜರಾತಿನಲ್ಲೂ ಇದನ್ನೇ ಕಂಡೆ. ಇಲ್ಲಿ ಅಂಧರನ್ನು ಗೌರವದಿಂದ 'ಪ್ರಜ್ಞಾಚಕ್ಷು' ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಪಂಡಿತ ಸುಖಲಾಲಜಿ ನೆನಪಾಗುತ್ತಾರೆ. 1880ರಲ್ಲಿ ಸೌರಾಷ್ಟ್ರದಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿನಲ್ಲಿ ಸಿಡುಬಿನಿಂದ ಎರಡೂ ಕಣ್ಣು ಕಳೆದುಕೊಂಡವರು. ಕಾಶಿಗೆ ಹೋಗಿ ಸಂಸ್ಕೃತ, ನ್ಯಾಯ, ದರ್ಶನಗಳನ್ನೆಲ್ಲ ಕಿವಿಯಿಂದಲೇ ಓದಿದರು. ಗಾಂಧೀಜಿಯ ಗುಜರಾತ್ ವಿದ್ಯಾಪೀಠದಲ್ಲಿ ಕೂತು ಪಂಡಿತ ಬೇಚರದಾಸರ ಜೊತೆ 'ಸನ್ಮತಿ ತರ್ಕ'ದಂಥ ಕಠಿಣ ಗ್ರಂಥವನ್ನು ಸಂಪಾದಿಸಿದರು. 1978ರವರೆಗೆ ಬದುಕಿದರು. ಅವರ ಒಂದೊಂದು ಪುಟದ ಹಿಂದೆಯೂ ಅವರಿಗೆ ಓದಿ ಹೇಳಿದ ಒಂದು ದನಿ, ಬರೆದುಕೊಂಡ ಒಂದು ಕೈ ಇದೆ. ನಮ್ಮ ಕ್ಲಾಸಿನಲ್ಲಿ ಇದಕ್ಕೆ 'ಸಪೋರ್ಟ್' ಎನ್ನುತ್ತೇವೆ.

ಅವರು ವಿವರಣೆ ಬರೆದ ಜೈನ ಗ್ರಂಥ 'ತತ್ತ್ವಾರ್ಥ ಸೂತ್ರ'ವನ್ನು ನನ್ನ ಸಹಪಾಠಿಯೊಬ್ಬಳು ಹಿಂದಿಯಲ್ಲಿ ತಂದುಕೊಟ್ಟಳು. ಅವಳು ಅಹಮದಾಬಾದಿನ ಜೈನರ ಮನೆಯವಳು, ಸೂರ್ಯ ಮುಳುಗಿದ ಮೇಲೆ ಊಟ ಮಾಡದವಳು. ಸೂರತ್ತಿನ ತಾಯಿಯ ಪ್ರಶ್ನೆಯನ್ನು ಅವಳ ಮುಂದೆ ಹೇಳಿದಾಗ, "ಕರ್ಮದ ಲೆಕ್ಕ ನಮ್ಮವರಷ್ಟು ಬಿಡಿಸಿ ಬರೆದವರು ಇಲ್ಲ, ಓದಿ ನೋಡು" ಎಂದಳು. ಓದಿದೆ. ಜೈನರು ಕರ್ಮವನ್ನು ಎಂಟು ಬಗೆ ಮಾಡುತ್ತಾರೆ. ಮೊದಲನೆಯದು ಜ್ಞಾನಾವರಣೀಯ, ಅಂದರೆ ಅರಿವಿಗೆ ಮುಸುಕು ಹಾಕುವ ಕರ್ಮ. ಇದೇ ನೋಡು, ಬುದ್ಧಿಮಾಂದ್ಯ ಮಕ್ಕಳಿಗೆ ಹಚ್ಚುವ ಹಣೆಪಟ್ಟಿ ಎಂದುಕೊಂಡು ಸಿಟ್ಟಿನಿಂದಲೇ ಮುಂದೆ ಓದಿದೆ. ಆದರೆ ಅಲ್ಲಿ ಎರಡು ಸಂಗತಿಗಳು ನನ್ನನ್ನು ತಡೆದು ನಿಲ್ಲಿಸಿದವು.

ಮೊದಲನೆಯದು: ಮುಸುಕು ಎಷ್ಟೇ ದಟ್ಟವಿರಲಿ, ಅರಿವು ಪೂರ್ತಿ ಮುಚ್ಚುವುದಿಲ್ಲ ಎನ್ನುತ್ತದೆ ಜೈನ ದರ್ಶನ. ಬರಿಗಣ್ಣಿಗೆ ಕಾಣದ, ಒಂದೇ ಇಂದ್ರಿಯದ ನಿಗೋದ ಜೀವದಲ್ಲೂ ಒಂದು ಎಳೆಯಷ್ಟು ಅರಿವು ತೆರೆದೇ ಇರುತ್ತದೆ, ಅದೂ ಇಲ್ಲದಿದ್ದರೆ ಅದು ಜೀವವೇ ಅಲ್ಲ. ಎಂದರೆ, "ಇವನಿಗೆ ಏನೂ ತಿಳಿಯುವುದಿಲ್ಲ" ಎಂಬ ಮಾತನ್ನು ಯಾವ ಜೀವದ ಬಗ್ಗೆಯೂ ಆಡುವಂತಿಲ್ಲ.

ಎರಡನೆಯದು ಆರನೆಯ ಅಧ್ಯಾಯದಲ್ಲಿದೆ. ಈ ಮುಸುಕಿನ ಕರ್ಮ ಯಾರಿಗೆ ಅಂಟುತ್ತದೆ? ತಿಳಿದದ್ದನ್ನು ಮುಚ್ಚಿಡುವವರಿಗೆ, ಕಲಿಯುವವರನ್ನು ಕಂಡು ಕರುಬುವವರಿಗೆ, ಇನ್ನೊಬ್ಬರ ಕಲಿಕೆಗೆ ಅಡ್ಡ ಬರುವವರಿಗೆ.

ಆ ಸಾಲು ಓದಿದಾಗ ರೈಲು ಆಣಂದ್ ದಾಟುತ್ತಿತ್ತು. ಪುಸ್ತಕ ಮುಚ್ಚಿದೆ.

ಹನ್ನೆರಡು ವರ್ಷದ ಹಿಂದೆ ನನ್ನ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂದು ಕಡೆ ಕೂರುತ್ತಿರಲಿಲ್ಲ, ಕೈ ಬಡಿಯುತ್ತಿದ್ದ, ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಫ್ಯಾನು ತಿರುಗುವುದನ್ನು ಮಾತ್ರ ಗಂಟೆಗಟ್ಟಲೆ ನೋಡುತ್ತಿದ್ದ. ಒಂದು ದಿನ ಅವನ ತಂದೆಯನ್ನು ಕರೆಸಿದೆ. ಹೆಲ್ಮೆಟ್ಟನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಇವನಿಗೆ ಬೇರೆ ಥರದ ಶಾಲೆ ಬೇಕು, ಇಲ್ಲಿ ಇವನಿಗೂ ಕಷ್ಟ, ಉಳಿದ ಮಕ್ಕಳಿಗೂ ಕಷ್ಟ" ಎಂದು ಮೆತ್ತಗೆ, ಪ್ರೀತಿಯಿಂದಲೇ ಹೇಳಿದೆ. ಅವರು "ಥ್ಯಾಂಕ್ಯೂ ಟೀಚರ್" ಎಂದು ಮಗನ ಬ್ಯಾಗು ಎತ್ತಿಕೊಂಡು ಹೋದರು. ಮಾರನೆಯ ದಿನದಿಂದ ಹುಡುಗ ಬರಲಿಲ್ಲ. ರಾತ್ರಿ ಮನೆಯಲ್ಲಿ ನಾನು ಆಡಿದ ಮಾತು ಇನ್ನೂ ನೆನಪಿದೆ: "ಪಾಪ, ಅವನ ಕರ್ಮ." ಅವ್ವನ ಮಾತೇ ನನ್ನ ಬಾಯಲ್ಲಿ ಬಂದಿತ್ತು.

ಅವನಿಗೆ ಆಟಿಸಂ ಇತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ, ಶಿಕ್ಷಕರ ಒಂದು ತರಬೇತಿಯಲ್ಲಿ ಪರದೆಯ ಮೇಲೆ ಲಕ್ಷಣಗಳ ಪಟ್ಟಿ ಬಂದಾಗ. ನಾನು ಮತ್ತೆ ಓದಲು ಹೊರಟದ್ದು ಆಗ.

ಪೂರ್ವಜನ್ಮವಿದೆಯೋ ಇಲ್ಲವೋ ನಾನು ವಾದ ಮಾಡುವುದಿಲ್ಲ, ನಂಬುವವರ ನಂಬಿಕೆ ಕಿತ್ತುಕೊಳ್ಳುವುದೂ ನನ್ನ ಕೆಲಸವಲ್ಲ. ಆದರೆ ಒಂದನ್ನು ಗಟ್ಟಿಯಾಗಿ ಹೇಳಬಲ್ಲೆ. ಕರ್ಮ ಎಂಬುದು ನನ್ನನ್ನು ನಾನು ಪರೀಕ್ಷಿಸಿಕೊಳ್ಳಲು ಇರುವ ಮಾತು. ಇನ್ನೊಬ್ಬರ ಮೇಲೆ, ಅದೂ ಒಂದು ಮಗುವಿನ ಮೇಲೆ, ತೀರ್ಪು ಬರೆಯಲು ಅದನ್ನು ಬಳಸಿದ ಕ್ಷಣವೇ ಅದು ಅಧರ್ಮವಾಗುತ್ತದೆ. ಮಹಾಭಾರತದ ಅಷ್ಟಾವಕ್ರನ ಕತೆಯನ್ನೇ ನೋಡಿ. ಅವನ ಮೈ ಎಂಟು ಕಡೆ ಬಾಗಿದ್ದಕ್ಕೆ ಅವನ ಹಿಂದಿನ ಜನ್ಮದ ಪಾಪ ಕಾರಣವಲ್ಲ. ಹೊಟ್ಟೆಯಲ್ಲಿದ್ದಾಗಲೇ ತಂದೆಯ ವೇದಪಾಠದ ತಪ್ಪು ಎತ್ತಿ ಆಡಿದ್ದಕ್ಕೆ ತಂದೆ ಕೊಟ್ಟ ಶಾಪ ಕಾರಣ. ಕಲಿಸುವವನ ಸಿಟ್ಟು ಕಲಿಯುವ ಮಗುವಿನ ಮೈಮೇಲೆ ಮೂಡಿತು.

ತೀರ್ಪು ಬೇಡ, ಸರಿ; ದಯೆಯೊಂದೇ ಸಾಕೇ? ಅಹಮದಾಬಾದ್ ಸ್ಟೇಷನ್ನಿನಿಂದ ಕಾಲೇಜಿಗೆ ಹೋಗುವ ಆಟೊ ಅಂಬಾವಾಡಿಯ ಪಾಂಜರಾಪೋಳ್ ಚಾರ್ ರಸ್ತಾ ಹಾದು ಹೋಗುತ್ತದೆ. ಕುಂಟುವ ಎತ್ತು, ಹಾಲು ಬತ್ತಿದ ಹಸುಗಳನ್ನು ಸಾಯುವವರೆಗೆ ಸಾಕುವ ಜಾಗಕ್ಕೆ ಆ ಹೆಸರು. ನಮ್ಮ ಮೈಸೂರಿನಲ್ಲೂ ಚಾಮುಂಡಿ ಬೆಟ್ಟದ ಬುಡದಲ್ಲಿ ಪಿಂಜರಾಪೋಲ್ ಇದೆ. ಜೀವದಯೆ ದೊಡ್ಡದು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪಾಂಜರಾಪೋಳದಲ್ಲಿ ಯಾವ ಎತ್ತಿಗೂ ನಾಳೆಯ ಪಾಠವಿಲ್ಲ. ಅಂಗವಿಕಲ ಮಕ್ಕಳಿಗೂ ಹಾಗೆಯೇ ತಿನ್ನಿಸಿ, ಮೈ ತೊಳೆದು, ಬಣ್ಣದ ಮಣಿ ಪೋಣಿಸಲು ಕೊಟ್ಟು ವರ್ಷಗಳನ್ನು ಕಳೆಯುವ ಕೋಣೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ದಯೆಗೆ ಕೊರತೆಯಿಲ್ಲ. ಈ ಮಗು ಕಲಿಯುತ್ತದೆ ಎಂಬ ನಿರೀಕ್ಷೆಯೊಂದೇ ಇಲ್ಲ.

ಎರಡನೆಯ ಸಲ ವರಾಛಾಗೆ ಹೋದಾಗ ಪ್ರಶ್ನಾವಳಿ ಒಯ್ಯಲಿಲ್ಲ. ಎರಡು ಫೋಟೊ ಕಾರ್ಡು ಒಯ್ದೆ. ಒಂದರಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಛಾಸ್, ಅಂದರೆ ಮಜ್ಜಿಗೆ. ಕುತ್ತಿಗೆಗೆ ದಿಂಬು ಕೊಟ್ಟು ಹುಡುಗಿಯನ್ನು ನೇರ ಕೂರಿಸಿ, ಕಾರ್ಡುಗಳನ್ನು ಅವಳ ಕಣ್ಣಿನ ಎತ್ತರಕ್ಕೆ ಒಂದು ಮೊಳ ಅಂತರದಲ್ಲಿ ಹಿಡಿದು, "ಏನು ಬೇಕು, ಬೇಟಾ?" ಎಂದು ಒಂದೇ ಸಲ ಕೇಳಿದೆ. ಆಮೇಲೆ ಸುಮ್ಮನೆ ಎಣಿಸತೊಡಗಿದೆ. ಈ ಓದಿನಲ್ಲಿ ನಾನು ಕಲಿತದ್ದರಲ್ಲಿ ಅತಿ ಕಷ್ಟದ್ದು ಇದು, ಸುಮ್ಮನೆ ಕಾಯುವುದು. ಐದಕ್ಕೆ ಅವಳ ಕಣ್ಣು ಸೂರಿನ ಕಡೆ ಹೋಯಿತು. ಒಂಬತ್ತಕ್ಕೆ ಮೈಯೆಲ್ಲ ಸೆಟೆಯಿತು. ತಾಯಿ, "ಅವಳಿಗೆ ತಿಳಿಯಲ್ಲ ಬೇನ್" ಎಂದು ಮಧ್ಯೆ ಬಂದಳು, ಕಣ್ಣಲ್ಲೇ ಬೇಡವೆಂದೆ. ಹದಿನಾಲ್ಕಕ್ಕೆ ಕಣ್ಣು ನಿಧಾನವಾಗಿ ಇಳಿದು ಬಂದು ಛಾಸ್ ಮೇಲೆ ನಿಂತಿತು. ಆಕಸ್ಮಿಕವಿರಬಹುದು ಎಂದು ಕಾರ್ಡುಗಳ ಜಾಗ ಅದಲುಬದಲು ಮಾಡಿ ಕೇಳಿದೆ. ಕಣ್ಣು ಮತ್ತೆ ಛಾಸ್ ಹುಡುಕಿಕೊಂಡು ಈ ಕಡೆ ಬಂತು. ಮೂರನೆಯ ಸಲವೂ. ತಾಯಿ ಎದ್ದು ಒಳಗೆ ಹೋಗಿ ಲೋಟದಲ್ಲಿ ಛಾಸ್ ತಂದಳು. ಚಮಚದಿಂದ ಕುಡಿಸುತ್ತಾ, "ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ" ಎಂದಳು.

ಅವಳ ಗಂಡ ಘಂಟಿಯ, ಅಂದರೆ ಸಾಣೆಚಕ್ರದ, ಮುಂದೆ ಕೂತು ವಜ್ರ ಉಜ್ಜುವವರು. ಭಾನುವಾರ ಮನೆಯಲ್ಲಿ ಸಿಕ್ಕರು. ಕಾರ್ಡಿನ ಸಂಗತಿ ಕೇಳಿ, ಕಚ್ಚಾ ಹರಳಿನ ಒಂದು ಮೂಲೆ ಮಾತ್ರ ಉಜ್ಜಿ ಸಣ್ಣ ಕಿಟಕಿ ತೆರೆದು ಒಳಗೆ ನೋಡುತ್ತೇವೆ, ಇದೂ ಹಾಗೇ ಎಂದರು. ಅವರು ಸಂತೋಷದಿಂದ ಹೇಳಿದ ಮಾತು, ನಾನು ಎದುರಾಡಲಿಲ್ಲ. ಆದರೆ ಮಗು ಹರಳಲ್ಲ. ಹರಳಿಗೆ ಬೆಲೆ ಕಟ್ಟುವುದು ಒಳಗೇನಿದೆ ಎಂದು ಕಂಡ ಮೇಲೆ. ಮಗುವಿನ ಬೆಲೆ ಅದಕ್ಕೂ ಮೊದಲಿನದು. ಅವಳ ಕಣ್ಣು ಆ ದಿನ ಎತ್ತಲೂ ನಿಲ್ಲದಿದ್ದರೂ ಶಾಲೆಯಲ್ಲಿ ಅವಳ ಜಾಗ ಅವಳದೇ.

ಇದನ್ನು ನಾನು ಕಲಿತದ್ದು ವಡೋದರದ ಹಂಸಾ ಮೆಹ್ತಾ ಗ್ರಂಥಾಲಯದಲ್ಲಿ ಕೂತು. ಸಯಾಜಿರಾವ್ ಮಹಾರಾಜರು 1906ರಲ್ಲಿ ಇಡೀ ಬರೋಡಾ ಸಂಸ್ಥಾನಕ್ಕೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ ಊರು ಇದು.  ಇಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿ ಹಂಸಾ ಮೆಹ್ತಾ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಸಿದ್ಧವಾಗುವಾಗ, ಎಲ್ಲ ಪುರುಷರೂ ಸಮಾನರು ಎಂದು ಓದಿಕೊಳ್ಳಬಹುದಾಗಿದ್ದ ಮೊದಲ ವಿಧಿಯನ್ನು ಎಲ್ಲ ಮನುಷ್ಯರೂ ಎಂದು ತಿದ್ದಿಸಿದವರು ಅವರು. 1948ರಲ್ಲಿ ಒಂದು ಪದದಿಂದ ಬಾಗಿಲು ಅಷ್ಟು ಅಗಲವಾಯಿತು.

ಕಾನೂನಿನ ಬಾಗಿಲೂ ತೆರೆದಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು, 2016ರ ಕಾಯ್ದೆಯಲ್ಲಿ ಇಪ್ಪತ್ತೊಂದು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಆದರೆ ಬೆಂಚಿನ ಮೇಲೆ ಮಗು ಕೂತ ಮೇಲೆ, ಅದರ ಮುಂದೆ ನಿಂತ ಟೀಚರಿನ ಮನಸ್ಸಿನಲ್ಲಿ "ಅವನ ಕರ್ಮ" ಎಂಬ ಮಾತು ಉಳಿದಿದ್ದರೆ ಪಾಠ ಶುರುವಾಗುವುದಿಲ್ಲ. ನಮಗೆ ಎಂ.ಎಡ್.ನಲ್ಲಿ ಸಂಖ್ಯಾಶಾಸ್ತ್ರ ಇದೆ, ಮೌಲ್ಯಮಾಪನ ಇದೆ, ಕಾಯ್ದೆ ಕಲಮುಗಳಿವೆ. ತಂದೆತಾಯಿ ತಪ್ಪದೆ ಕೇಳುವ ಈ ಪ್ರಶ್ನೆಗೆ ಒಂದು ಗಂಟೆಯ ತರಗತಿಯೂ ಇಲ್ಲ. ಇರಬೇಕು. ಶಿಕ್ಷಕರು ತಮ್ಮ ತಮ್ಮ ಮನೆಯಿಂದ ತಂದ ಈ ಮಾತನ್ನು ಮೇಜಿನ ಮೇಲಿಟ್ಟು ನೋಡಬೇಕು.

ಏಪ್ರಿಲ್‌ನಲ್ಲಿ ಮತ್ತೆ ಹೋದಾಗ ಆ ತಾಯಿಗೆ ನನ್ನ ಉತ್ತರ ಹೇಳಿದೆ. ಮಗಳದು ಯಾವ ಕರ್ಮವೂ ಅಲ್ಲ ಬೇನ್, ನಿನ್ನದೂ ಅಲ್ಲ. ಅವಳಿಗೆ ಕಲಿಸದೆ ಬಿಟ್ಟರೆ ಅದು ನಮ್ಮದು, ಟೀಚರುಗಳದು. ಅವಳು ಏನೂ ಹೇಳಲಿಲ್ಲ. ಮಗಳ ಯುಡಿಐಡಿ ಕಾರ್ಡು, ಜನನ ಪತ್ರ, ಎರಡು ಫೋಟೊ ತಂದು ನನ್ನ ಕೈಗಿಟ್ಟಳು.

ಜೂನ್‌ನಲ್ಲಿ ಮನೆಯ ಹತ್ತಿರದ ಸರ್ಕಾರಿ ಶಾಲೆ ತೆರೆದಾಗ ಮೂರನೇ ತರಗತಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿತ್ತು. ರೋಲ್ ನಂಬರ್ 37.