ಸಭೆ ಬೆಳೆಯಿತು ಅಂದರೆ ಏನು ಬೆಳೆಯಿತು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೇರಿಯ ಒಂದು ಶೀಟಿನ ಮನೆಯಲ್ಲಿ ಹತ್ತು ಜನ ಕೂತು ಪ್ರಾರ್ಥನೆ ಮಾಡಿದರೆ ಅದೇ ಒಂದು ಹೊಸ ಸಭೆ. ಹತ್ತು ಇಪ್ಪತ್ತಾದರೆ ಪಾಸ್ಟರು "ಸಭೆ ಬೆಳೀತಿದೆ" ಅಂತಾರೆ. ಊರಿನವರು "ಮತಾಂತರ ಬೆಳೀತಿದೆ" ಅಂತ ಕೂಗುತ್ತಾರೆ. ಇಬ್ಬರೂ ತಲೆ ಎಣಿಸುವವರೇ. ಆ ತಲೆಗಳ ಕೆಳಗಿನ ಮನುಷ್ಯನನ್ನು ಕೇಳುವವರು ಯಾರು?

ಅವನು ಯಾಕೆ ಎದ್ದುಹೋದ ಅನ್ನೋದಕ್ಕೆ ಸಂಶೋಧನೆ ಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ಉತ್ಸವದ ದೇವರ ಕೋಲು ಮುಟ್ಟಿದ. ಮನೆಯವರ ಮೇಲೆ 60,000 ರೂಪಾಯಿ ದಂಡ ಬಿತ್ತು. ಅವರು ದೇವರ ಪಟಗಳನ್ನು ಇಳಿಸಿ ಅಂಬೇಡ್ಕರರ ಪಟ ಹಾಕಿದರು. ಇಂಥ ದೇವರ ಮುಂದಿನಿಂದ ಎದ್ದವರಲ್ಲಿ ಒಬ್ಬ ಬಾಬಾಸಾಹೇಬರ ಹತ್ತಿರ ಹೋಗುತ್ತಾನೆ, ಇನ್ನೊಬ್ಬ ಏಸುವಿನ ಹತ್ತಿರ. ಏಳುವ ಹಕ್ಕು ಇಬ್ಬರಿಗೂ ಒಂದೇ.

ಆದರೆ ಎರಡನೆಯವನಿಗೆ ಸರ್ಕಾರ ಇನ್ನೊಂದು ದಂಡ ಇಟ್ಟಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದೊಳಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಬಂದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಕರ್ನಾಟಕ ಸರ್ಕಾರ ಕ್ರೈಸ್ತನಾದ ದಲಿತನನ್ನು ಹಿಂದುಳಿದವರ ಪ್ರವರ್ಗ 1ಕ್ಕೆ ತಳ್ಳಿದೆ. ಮತ ಬಿಟ್ಟರೂ ಊರು ಅವನ ಜಾತಿ ಬಿಡುವುದಿಲ್ಲ. ಜಾತಿಯ ಹಕ್ಕನ್ನು ಮಾತ್ರ ಕಾನೂನು ಕಿತ್ತುಕೊಳ್ಳುತ್ತದೆ. ಅದಕ್ಕೇ ಎಷ್ಟೋ ಜನಕ್ಕೆ ಭಾನುವಾರ ಒಂದು ಹೆಸರು, ಸ್ಕೂಲು ರಿಜಿಸ್ಟರಿನಲ್ಲಿ ಇನ್ನೊಂದು.

ಈ ಎರಡು ಹೆಸರಿನವನು ಸುಳ್ಳುಗಾರನೆ? "ನಿಜವಾದ ವಿಶ್ವಾಸಿ ಎಲ್ಲರೆದುರು ಒಪ್ಪಿಕೊಳ್ಳಬೇಕು" ಅಂತ ವೇದಿಕೆ ಮೇಲೆ ನಿಂತು ಹೇಳೋದು ಸುಲಭ. ಒಪ್ಪಿಕೊಳ್ಳಲಿ. ನಾಳೆ ಮಗಳ ಹಾಸ್ಟೆಲ್ ಸೀಟು ಹೋದರೆ ಅನ್ನ ಹಾಕೋರು ಯಾರು? ಜಮೀನ್ದಾರ ಕೂಲಿ ನಿಲ್ಲಿಸಿದರೆ? ಸುಳ್ಳು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಎರಡು ಹೆಸರು ಹೊತ್ತವನು ಪ್ರಾರ್ಥನೆಯಲ್ಲೂ ಬಾಗಿಲ ಕಡೆ ನೋಡುತ್ತಿರುತ್ತಾನೆ. ಆದರೆ ಸತ್ಯದ ಬೆಲೆಯಲ್ಲಿ ಪಾಲು ಕೊಡದವರಿಗೆ ಸತ್ಯ ಕೇಳುವ ಅಧಿಕಾರವಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ದೀಕ್ಷೆ ತೆಗೆದುಕೊಂಡರು. ಆ ಜನರಿಗೂ ನಷ್ಟವಾಯಿತು. ಆದರೆ ನಷ್ಟವನ್ನು ಒಬ್ಬೊಬ್ಬರೇ ಹೊರಲಿಲ್ಲ. ಕೋಲಾರದಲ್ಲೂ ನೆನೆಯುವಂಥ ಕೆಲಸ ನಡೆದಿದೆ. 1876-78ರ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬಾಕೆ ಸಾಕಿದರು. 1890ರಲ್ಲಿ ಆ ಅನಾಥಾಲಯ ಮೆಥಡಿಸ್ಟರ ಕೈಗೆ ಬಂತು. ಅಲ್ಲಿ ಬೋಧನೆಯ ಜೊತೆಗೆ ಗಂಜಿಯೂ ಇತ್ತು.

ಗಂಜಿಯೊಂದೇ ಸಾಲದು. ರಾಗಿ ಪೈರನ್ನು ಸಸಿಮಡಿಯಲ್ಲೇ ಬಿಟ್ಟರೆ ಒಳ್ಳೆ ತೆನೆ ಬಿಡೋದಿಲ್ಲ, ಕಿತ್ತು ಹೊಲದಲ್ಲಿ ನೆಡಬೇಕು. ಹೊಸ ಸಭೆಯೂ ಕೇರಿಯ ನೀರು, ಕೂಲಿ, ಸ್ಮಶಾನದ ಜಗಳಕ್ಕೆ ಇಳಿಯಬೇಕು, ಸಭೆಗೆ ಬಾರದ ಅಣ್ಣತಮ್ಮಂದಿರ ಜೊತೆಗೇ.

ಪಾಸ್ಟರಣ್ಣ, ಮುಂದಿನ ಸಲ ತಲೆ ಎಣಿಸುವ ಮುಂಚೆ ಇಷ್ಟು ನೋಡು. ಕಾಣಿಕೆಯ ಲೆಕ್ಕವನ್ನು ಹೆಂಗಸರ ಮುಂದೆ ಓದಿದೆಯಾ? ಹೊಲೆಯರೂ ಮಾದಿಗರೂ ಒಂದೇ ಬಟ್ಟಲಲ್ಲಿ ಕುಡಿದರಾ? 1950ರ ಆದೇಶದ ವಿರುದ್ಧ ಸಭೆ ಒಂದು ಅರ್ಜಿಯನ್ನಾದರೂ ಬರೆಯಿತಾ? ಹೌದು ಅನ್ನೋದಾದರೆ ಹತ್ತೇ ಜನ ಇರಲಿ, ಸಭೆ ಬೆಳೆದಿದೆ.