ಕೈ ಚಾಚಬಾರದ ಹೊತ್ತು

2023ರ ನವೆಂಬರ್ 19, ಭಾನುವಾರ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಹತ್ತಿರ ಹೋಪ್‌ಫಾರ್ಮ್ ಜಂಕ್ಷನ್‌ನಲ್ಲಿ ಊರಿಂದ ಬಂದು ಬಸ್ಸಿಳಿದ ಗಂಡ ಹೆಂಡತಿ, ಒಂಬತ್ತು ತಿಂಗಳ ಮಗುವನ್ನು ಎತ್ತಿಕೊಂಡು ಮನೆ ಕಡೆ ನಡೆಯುತ್ತಿದ್ದರು. ಫುಟ್‌ಪಾತ್ ಮೇಲೆ 11 ಕೆವಿ ತಂತಿ ಬಿದ್ದಿತ್ತು. ಅದನ್ನು ತುಳಿದ ತಾಯಿಯೂ ಮಗುವೂ ಅಲ್ಲೇ ತೀರಿಕೊಂಡರು. ಬಿಡಿಸಲು ಹೋದ ಗಂಡನಿಗೂ ಸುಟ್ಟ ಗಾಯಗಳಾದವು.

ಅವತ್ತು ವಿಶ್ವಕಪ್ ಫೈನಲ್. ನಾವು ಸೋತ ಬೇಜಾರಿನಲ್ಲಿ ಆ ಸುದ್ದಿಯನ್ನು ನಾನು ಪೂರ್ತಿ ಓದಲೂ ಇಲ್ಲ. ಓದಿದ್ದು ಮರುವರ್ಷ ಮೇ ತಿಂಗಳಲ್ಲಿ, ನಮ್ಮ ಬೀದಿಯಲ್ಲೇ ಒಂದು ತಂತಿ ಬಿದ್ದ ಮೇಲೆ.

ಆ ತಂತಿಯ ಮೇಲೆ ಮರದ ಕೊಂಬೆಯೊಂದು ಒರಗಿಕೊಂಡಿದ್ದನ್ನು ಮೊದಲು ನೋಡಿದವನು ಬಹುಶಃ ನಾನೇ. ಮಂಗಳವಾರ ಆಫೀಸಿಗೆ ಹೊರಟಾಗ ಫೋಟೊ ತೆಗೆದು ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ‘ಡೇಂಜರ್ ಇದೆ, ಯಾರಾದ್ರೂ ಕಂಪ್ಲೇಂಟ್ ಕೊಡಿ ಪ್ಲೀಸ್’ ಅಂತ ಬರೆದೆ. ಹತ್ತೊಂಬತ್ತು ಥಂಬ್ಸ್ ಅಪ್ ಬಂದವು. ನನ್ನ ಕೆಲಸ ಮುಗೀತು ಅಂದುಕೊಂಡೆ. ಹತ್ತೊಂಬತ್ತು ಜನರೂ ಹಾಗೇ ಅಂದುಕೊಂಡರು.

ಗುರುವಾರ ರಾತ್ರಿ ಜೋರು ಮಳೆ. ಬೆಳಿಗ್ಗೆ ಐದೂವರೆಗೆ ನಾಯಿಯ ವಿಚಿತ್ರ ಅರಚಾಟ ಕೇಳಿ ಬಾಲ್ಕನಿಗೆ ಬಂದೆ. ಕೊಂಬೆ ಮುರಿದು ತಂತಿ ನೀರಿನಲ್ಲಿ ಬಿದ್ದಿತ್ತು. ಬೀದಿಯವರೆಲ್ಲ ಬಿಸ್ಕತ್ತು ಹಾಕುತ್ತಿದ್ದ ನಾಯಿ ಅಲ್ಲಿ ಒದ್ದಾಡುತ್ತಿತ್ತು. ಹಾಲು ಹಾಕುವ ಹುಡುಗ ಸ್ಕೂಟರ್ ನಿಲ್ಲಿಸಿ ಅದರ ಕಡೆ ಓಡಿದ. ‘ಹೋಗ್ಬೇಡ! ನಿಲ್ಲೋ ಅಲ್ಲೇ!’ ನಮ್ಮ ವಾಚ್‌ಮನ್ ಕೂಗಿದ ಕೂಗಿಗೆ ನಾಲ್ಕು ಮನೆಯವರು ಎದ್ದರು. ಹುಡುಗ ನಿಂತ. ನಾಯಿ ಸತ್ತಿತು. ಹುಡುಗನ ಕಣ್ಣಲ್ಲಿ ನೀರಿತ್ತು, ವಾಚ್‌ಮನ್ ಮೇಲೆ ಸಿಟ್ಟೂ ಇತ್ತು.

ಆ ಸಿಟ್ಟನ್ನೇ ನಾನು ಇವತ್ತಿಗೂ ಯೋಚಿಸುತ್ತಿರುತ್ತೇನೆ. ಕಣ್ಣೆದುರು ಒಂದು ಜೀವ ಒದ್ದಾಡುವಾಗ ಸುಮ್ಮನೆ ನಿಲ್ಲು ಅನ್ನುವುದು ಯಾವ ನ್ಯಾಯ? ನೀತಿಶಾಸ್ತ್ರ ಓದಿದವರಿಗೆ ಪೀಟರ್ ಸಿಂಗರ್ 1972ರಲ್ಲಿ ಕೊಟ್ಟ ಉದಾಹರಣೆ ಗೊತ್ತಿರುತ್ತದೆ. ಕೊಳದಲ್ಲಿ ಮಗು ಮುಳುಗುತ್ತಿದೆ. ಬಟ್ಟೆ ಕೆಸರಾದರೂ ಸರಿ, ನೀವು ಇಳಿದು ಎತ್ತಲೇಬೇಕು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಬೀದಿಯಲ್ಲಿ ಆ ಕೊಳದಲ್ಲೇ ಕರೆಂಟು ಹರಿಯುತ್ತಿತ್ತು.

ಹೈ ವೋಲ್ಟೇಜ್ ತಂತಿ ನೆಲಕ್ಕೆ ಬಿದ್ದರೆ ಅದನ್ನು ಮುಟ್ಟಲೇಬೇಕು ಅಂತಿಲ್ಲ. ಸುತ್ತಲಿನ ನೆಲವೇ ಅಪಾಯ. ತಂತಿಯಿಂದ ದೂರ ಸರಿದಂತೆ ನೆಲದ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ಅಲ್ಲಿ ಇಟ್ಟರೆ ಎರಡರ ನಡುವಿನ ವ್ಯತ್ಯಾಸವೇ ಮೈಯೊಳಗೆ ಕರೆಂಟು ಹರಿಸುತ್ತದೆ. ದೊಡ್ಡ ಹೆಜ್ಜೆ ಹಾಕಿ ಓಡಿದಷ್ಟೂ ಅಪಾಯ ಹೆಚ್ಚು. ಕನಿಷ್ಠ ಹತ್ತು ಮೀಟರ್ ದೂರ ಇರಬೇಕು. ಈಗಾಗಲೇ ಹತ್ತಿರ ಸಿಕ್ಕಿಹಾಕಿಕೊಂಡಿದ್ದರೆ ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ, ಇಂಚಿಂಚೇ ಸರಿಯುತ್ತಾ ಆಚೆ ಬರಬೇಕು. ಮನೆಯೊಳಗಿನ 230 ವೋಲ್ಟ್‌ಗಾದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು, ಅದು ಆಗದಿದ್ದರೆ ಒಣ ಕೋಲಿನಿಂದ ತಂತಿ ಸರಿಸಬಹುದು. 11 ಸಾವಿರ ವೋಲ್ಟ್‌ಗೆ ಕೋಲೂ ಚಪ್ಪಲಿಯೂ ಲೆಕ್ಕಕ್ಕಿಲ್ಲ. ಅಲ್ಲಿ ಕರೆಂಟು ತೆಗೆಸುವುದೊಂದೇ ದಾರಿ.

ಅಂದರೆ ಆ ಹೊತ್ತಿನಲ್ಲಿ ಓಡಿಹೋಗುವ ಕರುಣೆ ಇನ್ನೊಂದು ಹೆಣ ಬೀಳಿಸುತ್ತದೆ, ಅಷ್ಟೇ. ಹಾಗಂತ ಹಾಲಿನ ಹುಡುಗ ತಪ್ಪು ಮಾಡಿದ ಅಂತ ನಾನು ಹೇಳಲಾರೆ. ಹೆಂಡತಿ ಮಗುವನ್ನು ಬಿಡಿಸಲು ಹೋದ ಆ ಗಂಡನಿಗೆ ‘ನಿಲ್ಲಬೇಕಿತ್ತು’ ಅನ್ನಲು ನಾನ್ಯಾರು? ಅವರಿಗೆ ಸಿಕ್ಕಿದ್ದು ಕೆಲವೇ ಕ್ಷಣ. ನನಗೆ ಮೂರು ದಿನ ಸಿಕ್ಕಿತ್ತು.

ಕಾನೂನಿಗೆ ಈ ವಿಷಯದಲ್ಲಿ ಗೊಂದಲವಿಲ್ಲ. 1997ರ ಒಂದು ಮಳೆಯ ರಾತ್ರಿ ಮಧ್ಯಪ್ರದೇಶದಲ್ಲಿ ಮನೆಗೆ ಹೋಗುತ್ತಿದ್ದ ವ್ಯಕ್ತಿಯೊಬ್ಬರು ರಸ್ತೆಯಲ್ಲಿ ಬಿದ್ದಿದ್ದ ತಂತಿಯ ಶಾಕ್ ತಗುಲಿ ಸತ್ತರು. ಯಾರೋ ಕರೆಂಟು ಕದಿಯಲು ಎಳೆದ ತಂತಿ ಅದು, ನಮ್ಮ ತಪ್ಪಲ್ಲ ಅಂತ ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಇಷ್ಟು ಅಪಾಯಕಾರಿ ವಸ್ತುವನ್ನು ಪೂರೈಸುವವರು, ತಪ್ಪು ಯಾರದೇ ಇರಲಿ, ಪರಿಹಾರದ ಹೊಣೆ ಹೊರಲೇಬೇಕು ಅಂದಿತು. ಸರಿಯಾದ ಮಾತು. ಬಿಲ್ ಕಟ್ಟುವ ನಾನು ಕಂಬ ಕಾಯಬೇಕಾಗಿಲ್ಲ. ನಾನು ಫೋನ್ ಮಾಡಲಿಲ್ಲ ಅನ್ನುವುದು ತಂತಿಯ ಒಡೆಯರಿಗೆ ನೆಪವೂ ಆಗಬಾರದು.

ಆದರೆ ಅವರ ಹೊಣೆ ದೊಡ್ಡದಾದ ಮಾತ್ರಕ್ಕೆ ನನ್ನದು ಸೊನ್ನೆಯಾಗುತ್ತದಾ? ಕೊಂಬೆ ಒರಗಿದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಿಗೂ ನನಗೂ ಇದ್ದ ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ. ಇಂಥ ಸಾವಿನಲ್ಲಿ ಧೈರ್ಯಕ್ಕೆ ಜಾಗವಿರುವುದು ಮೊದಲೇ. ಆಗ ಅದಕ್ಕೆ ಧೈರ್ಯ ಅನ್ನುವ ಹೆಸರೂ ಇರುವುದಿಲ್ಲ. ಹೋಲ್ಡ್ ಮ್ಯೂಸಿಕ್ ಕೇಳುತ್ತಾ, ಕಂಬದ ನಂಬರ್ ಓದಿ ಹೇಳುವ ಬೋರಿಂಗ್ ಕೆಲಸ ಅದು. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬೀಳದೇ ಹೋದ ತಂತಿಯಿಂದ ಬದುಕಿದವರಿಗೆ ತಾವು ಬದುಕಿದ್ದೇ ಗೊತ್ತಾಗುವುದಿಲ್ಲ.

ಅವತ್ತು ವಾಚ್‌ಮನ್ ಫೋನ್ ಮಾಡಿ ಕರೆಂಟು ತೆಗೆಸಿದ. ಬಂದ ಲೈನ್‌ಮನ್ ಕೊಂಬೆ ಕಡಿಯುತ್ತಾ, ‘ಎರಡು ದಿನ ಮುಂಚೆ ಹೇಳಿದ್ರೆ ಹತ್ತು ನಿಮಿಷದ ಕೆಲಸ ಸಾರ್’ ಅಂದ. ನಾನು ಫೋಟೊ ತೆಗೆದಿದ್ದೆ ಅಂತ ಹೇಳಲಿಲ್ಲ. ನಾಯಿಯನ್ನು ಖಾಲಿ ಸೈಟಿನಲ್ಲಿ ಹೂಳಲು ಆ ಹಾಲಿನ ಹುಡುಗನೇ ಗುದ್ದಲಿ ಹಿಡಿದ.

ಈಗ ಜೋತುಬಿದ್ದ ತಂತಿ ಕಂಡರೆ ಗ್ರೂಪಿಗೆ ಹಾಕುವ ಮೊದಲು 1912ಕ್ಕೆ ಫೋನ್ ಮಾಡುತ್ತೇನೆ. ಒಮ್ಮೊಮ್ಮೆ ಆ ಕಡೆಯಿಂದ, ‘ಅದಕ್ಕೆ ಆಗ್ಲೇ ಕಂಪ್ಲೇಂಟ್ ಬಂದಿದೆ ಸಾರ್’ ಅನ್ನುತ್ತಾರೆ. ಟೈಮ್ ವೇಸ್ಟ್ ಆಯಿತು ಅಂತ ಅನ್ನಿಸುವುದಿಲ್ಲ. ನನಗಿಂತ ಮುಂಚೆ ಫೋನ್ ಮಾಡಿದ ಆ ಯಾರೋ ಒಬ್ಬರ ಬಗ್ಗೆ ಖುಷಿಯಾಗುತ್ತದೆ.