ಯಂತ್ರಕ್ಕೆ ಸೋಲುಂಟೆ?

ಕೊಡಗಿನಲ್ಲಿ ನಾಟಿಯ ಕೆಲಸವು ಮುಗಿದು ಕೈಲ್‌ಪೋಳ್ದ್ ಹಬ್ಬವು ಬಂದಿತೆಂದರೆ, ಮನೆಮನೆಯಲ್ಲಿಯೂ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ ಶುದ್ಧಮಾಡಿ, ತೋಕ್‌ಪೂವಿನಿಂದ ಅಲಂಕರಿಸಿ, ದೀಪದ ಮುಂದಿರಿಸಿ ಪೂಜಿಸುವರು. ಪೂಜೆಯೂ ಊಟವೂ ಆದ ಬಳಿಕ ಊರವರು ಒಂದೆಡೆ ನೆರೆದು, ಎತ್ತರವಾದ ಮರದ ಕೊಂಬೆಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು. ಕಾಯಿ ಒಡೆದು ನೀರು ಚೆಲ್ಲಿದೊಡನೆ ನೆರೆದವರೆಲ್ಲರೂ ಹೊಡೆದವನ ಬೆನ್ನು ತಟ್ಟುವರೇ ಹೊರತು ಕೋವಿಯ ಬೆನ್ನನ್ನಲ್ಲ. ಆಯುಧಕ್ಕೆ ಹೂವು, ಆಳಿಗೆ ಹೊಗಳಿಕೆ. ಈ ವಿಭಾಗವು ನ್ಯಾಯವಾದುದೆಂಬುದರಲ್ಲಿ ಅಲ್ಲಿ ಯಾರಿಗೂ ಸಂದೇಹವಿಲ್ಲ.

ಆದರೆ ತಾನೇ ಗುರಿಯನ್ನು ಹುಡುಕಿ, ತಾನೇ ಗಾಳಿಯನ್ನು ಅಳೆದು, ತಾನೇ ಕುದುರೆಯನ್ನೆಳೆಯುವ ಕೋವಿಯೊಂದು ಬಂದರೆ ಆಗ ಬೆನ್ನು ತಟ್ಟಬೇಕಾದುದು ಯಾರದು? ಕಾಯಿ ತಪ್ಪಿಹೋದರೆ ತಲೆ ತಗ್ಗಿಸಬೇಕಾದವರು ಯಾರು? ಇದು ಬರಿಯ ಕುಚೋದ್ಯದ ಪ್ರಶ್ನೆಯಲ್ಲ. ಆಟದ ಮಣೆಯ ಮೇಲೆ ಇಂತಹ ಕೋವಿಯು ಆಗಲೇ ಬಂದಿರುವುದು. ಚದುರಂಗವನ್ನು ತಾನಾಗಿ ಆಡುವ ಗಣಕಯಂತ್ರವು ಇಂದು ಮಕ್ಕಳ ಕೈಯಲ್ಲಿರುವ ಫೋನಿನೊಳಗೂ ಅಡಗಿ ಕುಳಿತಿದೆ. ಅದರೊಡನೆ ಆಡಿ ಸೋತ ಹುಡುಗನು, "ನಾನು ಯಾರಿಗೆ ಸೋತೆ?" ಎಂದು ಅಜ್ಜನನ್ನು ಕೇಳಿದರೆ ಉತ್ತರವನ್ನು ಹೇಳುವುದು ಸುಲಭವಲ್ಲ. ಈ ಪ್ರಶ್ನೆಯು ಜಪಾನ್ ದೇಶದಲ್ಲಿ, ಆ ದೇಶದ ಚದುರಂಗವಾದ ಷೋಗಿಯ ವಿಷಯದಲ್ಲಿ, ಹತ್ತು ಹದಿನೈದು ವರ್ಷಗಳ ಕಾಲ ದೊಡ್ಡ ಚರ್ಚೆಗೆ ಕಾರಣವಾಯಿತು. ಆ ವೃತ್ತಾಂತವು ವಿಚಾರಕ್ಕೆ ಯೋಗ್ಯವಾಗಿದೆ.

ಷೋಗಿಯು ನಮಗೆ ತೀರ ಹೊರಗಿನದಲ್ಲ. ನಮ್ಮ ಚತುರಂಗದ ಮೊಮ್ಮಗಳೆಂದೇ ವಿದ್ವಾಂಸರು ಬಗೆಯುತ್ತಾರೆ. ಅಲ್ಲಿಯ 'ಬೆಳ್ಳಿಯ ಸೇನಾನಿ' ಎಂಬ ಕಾಯಿಯು ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ ನಡೆಯುವುದು. ಕ್ರಿ. ಶ. 1030ರ ಸುಮಾರಿನಲ್ಲಿ ಭರತಖಂಡದ ವಿಷಯವಾಗಿ ಗ್ರಂಥವನ್ನು ಬರೆದ ಅಲ್‌ಬೀರೂನಿಯು, ಇಲ್ಲಿಯ ಚದುರಂಗದ ಆನೆಯು ನಾಲ್ಕು ಕಾಲು ಒಂದು ಸೊಂಡಿಲುಗಳಂತೆ ಹೀಗೆಯೇ ನಡೆಯುತ್ತದೆಂದು ವರ್ಣಿಸಿದ್ದಾನೆ. ಷೋಗಿಯ ಮಣೆಗೆ 81 ಮನೆಗಳು. ಎರಡೂ ಪಕ್ಷಗಳಿಗೆ ಕೂಡಿ 40 ಕಾಯಿಗಳು. ಇದಲ್ಲದೆ 144 ಮನೆಗಳ ಮಣೆಯಲ್ಲಿ 92 ಕಾಯಿಗಳಿಂದ ಆಡುವ 'ಚೂ ಷೋಗಿ' ಮೊದಲಾದ ಹಳೆಯ ಭೇದಗಳೂ ಉಂಟು. ಷೋಗಿಯ ವೈಶಿಷ್ಟ್ಯವೇನೆಂದರೆ, ಸೆರೆಹಿಡಿದ ಕಾಯಿಯು ಸಾಯುವುದಿಲ್ಲ. ಹಿಡಿದವನ ಪಕ್ಷಕ್ಕೆ ಸೇರಿ, ಅವನು ಬಯಸಿದಾಗ ಬಯಸಿದ ಬರಿದಾದ ಮನೆಯಲ್ಲಿ ಮತ್ತೆ ಇಳಿಯುವುದು. ಆದುದರಿಂದ ಆಟವು ಮುಂದುವರಿದಂತೆ ಮಣೆಯು ಬರಿದಾಗುವುದಿಲ್ಲ, ತೊಡಕು ಹೆಚ್ಚುತ್ತಲೇ ಹೋಗುವುದು. ಪಾಶ್ಚಾತ್ಯ ಚದುರಂಗದಲ್ಲಿ ಲೋಕದ ಅಗ್ರಗಣ್ಯನಾಗಿದ್ದ ಕಾಸ್ಪರೋವನು 1997ರಲ್ಲಿಯೇ ಯಂತ್ರಕ್ಕೆ ಸೋತರೂ ಷೋಗಿಯ ಪಂಡಿತರು ಬಹುಕಾಲ ನಿರ್ಭಯರಾಗಿದ್ದುದಕ್ಕೆ ಈ ತೊಡಕೇ ಕಾರಣ.

ಯಂತ್ರಕ್ಕೆ ಆಟವನ್ನು ಕಲಿಸುವ ವಿಧಿಗಳ ಸಮೂಹಕ್ಕೆ ಪ್ರೋಗ್ರಾಂ ಎಂದು ಹೆಸರು. ಮೊದಲು ಅದನ್ನು ಬರೆಯುವವರು, ಯಾವ ಕಾಯಿಗೆ ಎಷ್ಟು ಬೆಲೆ, ರಾಜನ ಸುತ್ತ ಎಂತಹ ವ್ಯೂಹವಿದ್ದರೆ ಎಷ್ಟು ಲಾಭ ಎಂಬುದನ್ನು ತಮ್ಮ ಊಹೆಯಿಂದಲೇ ಗೊತ್ತುಮಾಡುತ್ತಿದ್ದರು. ರಸಾಯನಶಾಸ್ತ್ರಜ್ಞರಾದ ಹೋಕಿ ಕುನಿಹಿತೊ ಎಂಬವರು ಈ ಕ್ರಮವನ್ನು ಬದಲಿಸಿದರು. ನಿಪುಣರು ಆಡಿದ ಸಾವಿರಾರು ಆಟಗಳ ದಾಖಲೆಯನ್ನು ಯಂತ್ರದ ಮುಂದಿಟ್ಟು, ತಾನು ಆರಿಸುವ ನಡೆಯು ನಿಪುಣನ ನಡೆಗೆ ಹೊಂದುವವರೆಗೆ ಬೆಲೆಗಳನ್ನು ತಾನೇ ತಿದ್ದಿಕೊಳ್ಳುವಂತೆ ಅವರು ಏರ್ಪಡಿಸಿದರು. ಅವರ 'ಬೊನಾಂಜಾ' ಎಂಬ ಪ್ರೋಗ್ರಾಂ 2006ರಲ್ಲಿ ಯಂತ್ರಗಳ ಜಾಗತಿಕ ಪಂದ್ಯದಲ್ಲಿ ಗೆದ್ದಿತು. 2007ರ ಮಾರ್ಚಿ 21ರಂದು ವಾತಾನಬೆ ಅಕಿರಾ ಎಂಬ ಪ್ರಸಿದ್ಧ ಆಟಗಾರರೊಡನೆ ಹೋರಾಡಿ ಸೋತಿತು. 2009ರಲ್ಲಿ ಹೋಕಿಯವರು ತಮ್ಮ ಪ್ರೋಗ್ರಾಮಿನ ಮೂಲಪಾಠವನ್ನು ಎಲ್ಲರಿಗೂ ಕೊಟ್ಟುಬಿಟ್ಟರು. ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಅದನ್ನು ಓದಿ ತಿದ್ದಿ ಬೆಳೆಸಿದವರ ಕೈಯಲ್ಲಿ ಯಂತ್ರಗಳ ಬಲವು ವರ್ಷವರ್ಷಕ್ಕೂ ಏರಿತು. 2013ರಲ್ಲಿ 'ಪೊನಾಂಜಾ' ಎಂಬುದು ಸಾರ್ವಜನಿಕ ಪಂದ್ಯದಲ್ಲಿ ವೃತ್ತಿನಿರತ ಆಟಗಾರರೊಬ್ಬರನ್ನು ಸೋಲಿಸಿತು. 2017ರಲ್ಲಿ ಅದೇ ಪ್ರೋಗ್ರಾಂ 'ಮೇಜಿನ್' ಎಂಬ ಅತ್ಯುನ್ನತ ಬಿರುದನ್ನು ಧರಿಸಿದ್ದ ಸಾತೊ ಅಮಾಹಿಕೊ ಅವರನ್ನು ಎರಡಕ್ಕೆ ಎರಡೂ ಆಟಗಳಲ್ಲಿ ಗೆದ್ದಿತು. ಅದೇ ವರ್ಷದ ಕೊನೆಯಲ್ಲಿ 'ಆಲ್ಫಾಝೀರೊ' ಎಂಬುದು ಮನುಷ್ಯರ ಒಂದು ಆಟವನ್ನೂ ನೋಡದೆ, ನಿಯಮಗಳನ್ನು ಮಾತ್ರ ತಿಳಿದು, ತನ್ನೊಡನೆ ತಾನೇ ಆಡಿ ಕಲಿತು ಉಳಿದ ಯಂತ್ರಗಳನ್ನೂ ಮೀರಿತು. ಏಕಲವ್ಯನಿಗೆ ಮಣ್ಣಿನ ಗುರುವಾದರೂ ಇದ್ದನು. ಇದಕ್ಕೆ ಅದೂ ಬೇಕಾಗಲಿಲ್ಲ.

ಧರ್ಮವಿಚಾರಕ್ಕೆ ಎಡೆಗೊಟ್ಟದ್ದು ಮಾತ್ರ ಇಂತಹ ದೊಡ್ಡ ಗೆಲುವುಗಳಲ್ಲ, 2015ರ ಎರಡು ಸೋಲುಗಳು. ಆ ವರ್ಷ ಐವರು ವೃತ್ತಿನಿರತರಿಗೂ ಐದು ಯಂತ್ರಗಳಿಗೂ ಪಂದ್ಯವು ಏರ್ಪಟ್ಟಿತ್ತು. ಪ್ರೋಗ್ರಾಮನ್ನು ಮುಂಗಡವಾಗಿ ಎದುರಾಳಿಗೆ ಅಭ್ಯಾಸಕ್ಕೆ ಕೊಡಬೇಕು, ಕೊಟ್ಟ ಮೇಲೆ ಅದನ್ನು ತಿದ್ದಕೂಡದು ಎಂಬುದು ಅಲ್ಲಿಯ ನಿಬಂಧನೆ. ಷೋಗಿಯಲ್ಲಿ ಶತ್ರುವಿನ ಪಾಳೆಯವನ್ನು ಹೊಕ್ಕ ಕಾಯಿಗೆ ಬಡ್ತಿಯುಂಟು, ಬೇಡವೆಂದರೆ ಬಿಡಲೂಬಹುದು. ನಮ್ಮ ಒಂಟೆಯಂತೆ ಓರೆಯಾಗಿ ನಡೆಯುವ ಕಾಯಿಗೆ ಬಡ್ತಿಯನ್ನು ನಿರಾಕರಿಸುವವರು ಇಲ್ಲವೆನ್ನುವಷ್ಟು ವಿರಳ. 'ಸೆಲೆನೆ' ಎಂಬ ಪ್ರೋಗ್ರಾಮಿನಲ್ಲಿ ಆ ಸಂಭವಕ್ಕೆ ಎಡೆಯೇ ಇರಲಿಲ್ಲ. ಮಾರ್ಚಿ 21ರಂದು ನಾಗಾಸೆ ತಾಕುಯ ಎಂಬ ತರುಣ ಆಟಗಾರರು ಬಡ್ತಿಯನ್ನು ಬಿಟ್ಟು ಆ ಕಾಯಿಯಿಂದ ಷಾ ಕೊಟ್ಟರು. ಯಂತ್ರಕ್ಕೆ ಅದು ಕಾಣಿಸಲೇ ಇಲ್ಲ. ರಾಜನನ್ನು ಷಾದಲ್ಲಿಯೇ ಬಿಟ್ಟು ಬೇರೆ ನಡೆಯನ್ನಾಡಿ, ನಿಯಮಭಂಗದಿಂದ ಸೋತಿತು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ನಾಲ್ಕು ಆಟಗಳಲ್ಲಿ ಎರಡು ಮನುಷ್ಯರಿಗೆ, ಎರಡು ಯಂತ್ರಗಳಿಗೆ ಸಂದು, ಐದನೆಯದರಿಂದಲೇ ನಿರ್ಣಯವಾಗಬೇಕಾಗಿತ್ತು. ಏಪ್ರಿಲ್ 11ರಂದು 'ಅವೇಕ್' ಎಂಬ ಪ್ರೋಗ್ರಾಮಿಗೆ ಎದುರಾಗಿ ಅಕುತ್ಸು ಚಿಕಾರ ಎಂಬವರು ಕುಳಿತರು. ಆ ಪ್ರೋಗ್ರಾಮಿನಲ್ಲಿ ಒಂದು ದೋಷವುಂಟೆಂಬುದು ಅವರಿಗೆ ಗೊತ್ತಿತ್ತು. ತಮ್ಮ ಪಾಳೆಯದಲ್ಲಿ ಒಂದು ಮನೆಯನ್ನು ಬೇಕೆಂದೇ ತೆರೆದಿಟ್ಟರೆ, ಯಂತ್ರವು ಆಸೆಗೊಂಡು ತನ್ನ ಕೈಯಲ್ಲಿದ್ದ ಓರೆನಡೆಯ ಕಾಯಿಯನ್ನು ಅಲ್ಲಿ ಇಳಿಸುವುದು. ಕೆಲವು ನಡೆಗಳ ತರುವಾಯ ಆ ಕಾಯಿ ಬೋನಿಗೆ ಬಿದ್ದ ಹುಲಿಯಂತೆ ಸಿಕ್ಕಿಬೀಳುವುದು. ಯಂತ್ರದ ಮುಂಗಾಣ್ಕೆಯು ಅಷ್ಟು ದೂರಕ್ಕೆ ಹೋಗುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ನಡೆದ ಒಂದು ಬಹುಮಾನದ ಆಟದಲ್ಲಿ ಹವ್ಯಾಸಿಯೊಬ್ಬನು ಇದೇ ಉಪಾಯದಿಂದ ಆ ಯಂತ್ರವನ್ನು ಗೆದ್ದಿದ್ದನು. ಅಕುತ್ಸು ಆ ಮನೆಯನ್ನು ತೆರೆದಿಟ್ಟರು, ಯಂತ್ರವು ಕಾಯಿಯನ್ನಿಳಿಸಿತು. ಅವೇಕನ್ನು ರಚಿಸಿದ ಕೋಸೆ ರ್‍ಯೋಇಚಿ ಎಂಬವರು ತಾವೂ ಹಿಂದೆ ವೃತ್ತಿ ಆಟಗಾರರ ಶಿಕ್ಷಣಮಂಡಲಿಯಲ್ಲಿ ಕಲಿತು, ವೃತ್ತಿಯನ್ನು ಪಡೆಯಲಾರದೆ ಹೊರಬಂದವರು. ಅವರು ಮುಂದೇನಾಗುವುದೆಂಬುದನ್ನು ಕಂಡು, ಒಟ್ಟು 21 ನಡೆಗಳಾದಾಗಲೇ, ಆಟವು ಆರಂಭವಾಗಿ ಒಂದು ಗಂಟೆಯೂ ಕಳೆಯುವ ಮುನ್ನ, ಯಂತ್ರದ ಪರವಾಗಿ ಸೋಲನ್ನೊಪ್ಪಿದರು. ಪಂದ್ಯವು ಮೂರಕ್ಕೆ ಎರಡರಂತೆ ಮನುಷ್ಯರದಾಯಿತು.

ಇಲ್ಲಿ ಎರಡು ಪಕ್ಷಗಳುಂಟು. ಅಕುತ್ಸು ಮಾಡಿದುದರಲ್ಲಿ ತಪ್ಪೇನು? ನಿಬಂಧನೆಗಳು ಎರಡು ಕಡೆಯವರಿಗೂ ಗೊತ್ತಿದ್ದವು. ಕೋಟೆಯ ಗೋಡೆಯಲ್ಲಿ ಬಿರುಕು ಕಂಡ ಸೇನಾಪತಿಯು ಅದನ್ನು ಬಿಟ್ಟು ಬಲವಾದ ಬಾಗಿಲಿಗೇ ತಲೆಯನ್ನು ಬಡಿದುಕೊಳ್ಳಬೇಕೆ? ಅವರು ತಮ್ಮೊಬ್ಬರಿಗಾಗಿ ಆಡಲಿಲ್ಲ. ಸಹೋದ್ಯೋಗಿಗಳೆಲ್ಲರ ಮಾನವು ಅವರ ಹೆಗಲ ಮೇಲಿತ್ತು. ಹೀಗೆಂಬುದು ಒಂದು ಪಕ್ಷ. ಯಾರ ವಿದ್ಯೆ ಮೇಲು ಎಂದು ನೋಡುವುದಕ್ಕಾಗಿ ಪಂದ್ಯವಿರುವಾಗ, ಹವ್ಯಾಸಿಯು ಆಗಲೇ ತೋರಿಸಿಕೊಟ್ಟ ಬೋನನ್ನು ಪಂಡಿತನು ಒಡ್ಡುವುದು ವಿದ್ಯೆಯೆನಿಸೀತೆ? ಎದುರಾಳಿಯು ತನ್ನ ದೋಷವನ್ನು ತಿದ್ದಿಕೊಳ್ಳದಂತೆ ಕೈ ಕಟ್ಟಿರುವಾಗ ಆ ದೋಷವನ್ನೇ ಹೊಡೆಯುವುದು ವೀರನ ಲಕ್ಷಣವೆ? ಹೀಗೆಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು. ಅಕುತ್ಸು ಅವರದು ದೋಷವಲ್ಲ. ಆದರೆ ದೋಷವಲ್ಲದುದೆಲ್ಲವೂ ಶ್ಲಾಘ್ಯವಲ್ಲ. ನಿಯಮವು ಮನುಷ್ಯನನ್ನು ತಪ್ಪಿನಿಂದ ಕಾಪಾಡಬಲ್ಲುದು, ಹಿರಿಮೆಗೆ ಏರಿಸಲಾರದು.

ಇದಕ್ಕೂ ಆಳವಾದ ಪ್ರಶ್ನೆಯು ಉಳಿದೇ ಇದೆ. ಅಂದು ಸೋತವರು ಯಾರು? ಈ ವಿಷಯದಲ್ಲಿ ನಮ್ಮ ವ್ಯಾಕರಣಶಾಸ್ತ್ರವು ದಾರಿಯನ್ನು ತೋರಿಸುವುದು. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಕ್ರಿಯೆಯ ಸಿದ್ಧಿಗೆ ಅತ್ಯಂತ ಸಾಧಕವಾದುದು ಕರಣ. ಕರ್ತೃವನ್ನು ಪ್ರೇರಿಸುವವನು ಹೇತು, ಅವನೂ ಕರ್ತೃವೇ ಎಂದು ಪಾಣಿನಿಯ ವಿಭಾಗ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ರಾಜ್ಯಾಡಳಿತವು ಕೈತಪ್ಪಿದ ಮೇಲೆ, ಕುದುರೆಯ ನಡೆಯಿಂದ ಮಣೆಯ ಮನೆಗಳನ್ನೆಲ್ಲ ಒಂದೊಂದೇ ಸಲ ಮುಟ್ಟಿ, ಆ ಅಂಕೆಗಳ ಸಾಲುಗಳು ಸಮಮೊತ್ತವಾಗುವಂತೆ ಬಂಧಗಳನ್ನು ರಚಿಸುವುದರಲ್ಲಿ ಮನಸ್ಸನ್ನಿಟ್ಟಿದ್ದರು. 64 ಮನೆಗಳ ಮಣೆಯಲ್ಲಿ ಅಡ್ಡಸಾಲು, ಉದ್ದಸಾಲುಗಳಲ್ಲದೆ ಎರಡು ಕರ್ಣಗಳೂ ಸಮವಾಗುವ ಬಂಧವು ಇಲ್ಲವೇ ಇಲ್ಲವೆಂಬುದನ್ನು 2003ರ ಆಗಸ್ಟಿನಲ್ಲಿ ಗಣಕಯಂತ್ರಗಳು ಸಂಭವಗಳನ್ನೆಲ್ಲ ಎಣಿಸಿ ತಿಳಿಸಿದವು. ಅಲ್ಲಿ ಯಂತ್ರವು ಗೆದ್ದಿತೆಂದು ಯಾರೂ ಹೇಳಲಿಲ್ಲ. ಅದು ಕತ್ತಲೆಯ ಕೋಣೆಗೆ ಹಿಡಿದ ದೀಪದಂತೆ ಶುದ್ಧವಾದ ಕರಣ. ಅದೇ ಯಂತ್ರದ ಮುಂದೆ ಎದುರಾಳಿಯೊಬ್ಬನು ಕುಳಿತೊಡನೆ ಮಾತ್ರ, "ಯಂತ್ರ ಗೆದ್ದಿತು, ಯಂತ್ರ ಸೋತಿತು" ಎನ್ನುತ್ತೇವೆ. ಪಾತ್ರೆಯು ಅನ್ನವನ್ನು ಬೇಯಿಸುತ್ತದೆ ಎಂಬ ಪ್ರಯೋಗವನ್ನೂ ವೈಯಾಕರಣರು ಒಪ್ಪಿದ್ದಾರೆ. ಹೇಳುವವನ ಇಚ್ಛೆಯಂತೆ ಕರಣಕ್ಕೂ ಕರ್ತೃತ್ವವನ್ನು ಕೊಡಬಹುದು. ಆದರೆ ಅನ್ನವು ಸೀದಾಗ ಮನೆಯವರು ಪಾತ್ರೆಯನ್ನು ಕರೆದು ಕೇಳುವುದಿಲ್ಲ.

ಭಾರತದ ಸಭಾಪರ್ವದಲ್ಲಿಯೂ ಇದೇ ತೊಡಕು ಕಾಣುವುದು. ಪಣವು ದುರ್ಯೋಧನನದು, ದಾಳವನ್ನೆಸೆಯುವವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ಸಮವಾಗಿ ತೋರದೆಂದು ಧರ್ಮರಾಯನು ಆಕ್ಷೇಪಿಸಿ, ಆಮೇಲೆ ಅದನ್ನೇ ಬಿಟ್ಟುಕೊಟ್ಟನು. ಆದರೂ ಆ ಜೂಜಿನ ಫಲವನ್ನು ಉಣ್ಣುವಾಗ ದುರ್ಯೋಧನನು, "ಎಸೆದವನು ನನ್ನ ಮಾವ" ಎಂದು ತಪ್ಪಿಸಿಕೊಳ್ಳಲಾಗಲಿಲ್ಲ. ಪ್ರೇರಿಸಿದವನಿಗೆ ಫಲವು ಅಂಟಿಯೇ ಅಂಟಿತು.

ಷೋಗಿಯಲ್ಲಿ ಒಂದು ಸಂಪ್ರದಾಯವಿದೆ. ರಾಜನು ಸಿಕ್ಕಿಬೀಳುವವರೆಗೆ ಆಟವನ್ನು ಎಳೆಯುವುದಿಲ್ಲ. ಸೋಲನ್ನು ಕಂಡವನು ತಲೆಬಾಗಿ, "ಸೋತೆನು" ಎಂದು ಬಾಯಿಬಿಟ್ಟು ಹೇಳುತ್ತಾನೆ. ಬಳಿಕ ಇಬ್ಬರೂ ಅದೇ ಮಣೆಯ ಮುಂದೆ ಕುಳಿತು ಎಲ್ಲಿ ತಪ್ಪಾಯಿತೆಂದು ಒಟ್ಟಾಗಿ ವಿಚಾರಿಸುತ್ತಾರೆ. ಇಂತಿಷ್ಟು ನಷ್ಟವಾದರೆ ಆಟವನ್ನು ಬಿಡು ಎಂದು ಯಂತ್ರಕ್ಕೂ ಒಂದು ಅಂಕೆಯನ್ನು ಕೊಡಬಹುದು. ಆದರೆ ಅಂಕೆಯು ಮುಟ್ಟುವುದು ಬೇರೆ, ಸೋಲನ್ನು ಒಪ್ಪುವುದು ಬೇರೆ. ಏಪ್ರಿಲ್ 11ರಂದು ಆಟವನ್ನು ಬಿಟ್ಟದ್ದು ಯಂತ್ರದ ಅಂಕೆಯಲ್ಲ, ಒಬ್ಬ ಮನುಷ್ಯನ ನಿರ್ಣಯ. ಕೋಸೆ ಸುಮ್ಮನಿದ್ದಿದ್ದರೆ ಯಂತ್ರವು ಯಾವ ಲಜ್ಜೆಯೂ ಇಲ್ಲದೆ ಸಂಜೆಯವರೆಗೆ ಆಡುತ್ತಿತ್ತು. ಎದುರಾಳಿಯು ಎಡವಿ ಅದು ಗೆದ್ದರೂ ಗೆಲ್ಲಬಹುದಾಗಿತ್ತು. ಇಡಿಯ ದಿನದ ಆಟವನ್ನು ನೋಡಬಂದವರಿಗೆ ಆಶಾಭಂಗ ಮಾಡಿದರೆಂದೂ, ಮುನಿಸಿನಿಂದ ಎದ್ದರೆಂದೂ ಅವರನ್ನು ಆಕ್ಷೇಪಿಸಬಹುದು. ಹಾಗೆಯೇ ಅಕುತ್ಸು ಅವರನ್ನೂ, "ಏಕೆ ಹೀಗೆ ಆಡಿದಿರಿ?" ಎಂದು ಕೇಳಬಹುದು. ಇಬ್ಬರೂ ಉತ್ತರವನ್ನು ಕೊಡಬಲ್ಲರು, ಅಥವಾ ಉತ್ತರವಿಲ್ಲದೆ ನಾಚಬಲ್ಲರು. ಮಣೆಯ ಬಳಿಯಲ್ಲಿದ್ದ ಮೂವರಲ್ಲಿ ಈ ಪ್ರಶ್ನೆಯನ್ನು ಕೇಳಲಾಗದಿದ್ದುದು ಯಂತ್ರವನ್ನು ಮಾತ್ರ.

ಆದುದರಿಂದ ಸಿದ್ಧಾಂತವು ಹೀಗೆ: ಗೆದ್ದವನನ್ನು ನೋಡಿ ಕರ್ತೃವನ್ನು ಗುರುತಿಸಲಾಗುವುದಿಲ್ಲ, ಏಕೆಂದರೆ ಗೆಲುವಿಗೆ ಎಲ್ಲರೂ ಒಡೆಯರಾಗುವರು. ಸೋಲನ್ನು ತನ್ನದೆಂದು ಹೊರಬಲ್ಲವನೇ ಕರ್ತೃ. ಯಂತ್ರದ ಬಲವು ಮನುಷ್ಯನ ಬಲವನ್ನು ಎಷ್ಟೇ ಮೀರಲಿ, ಈ ಹೊರೆಯನ್ನು ಅದರ ಮೇಲೆ ಇಳಿಸಲಾಗದು. ಆಟದ ಮಣೆಯಲ್ಲಿ ಇದು ಸಣ್ಣ ಮಾತು. ಆದರೆ ರೋಗಿಗೆ ಔಷಧವೇನು, ಬಡವನಿಗೆ ಸಾಲವುಂಟೋ ಇಲ್ಲವೋ ಎಂಬುದರಲ್ಲಿಯೂ ಯಂತ್ರದ ಎಣಿಕೆಯನ್ನು ಕೇಳುವ ಕಾಲವಿದು. ಅಲ್ಲಿ ತಪ್ಪಾದಾಗ, "ಯಂತ್ರ ಹಾಗೆ ಹೇಳಿತು" ಎಂದು ಕೈತೊಳೆದುಕೊಳ್ಳುವುದು ಬಹು ಸುಲಭ. ತಲೆಬಾಗಿ, "ತಪ್ಪಿದೆನು" ಎನ್ನುವುದು ಕಷ್ಟ. ಕಷ್ಟವಾದುದೇ ಅಲ್ಲಿ ಧರ್ಮ.

ಸೋತ ಹುಡುಗನಿಗೆ ಅಜ್ಜನು ಹೇಳಬೇಕಾದುದೂ ಇಷ್ಟೆ: ನಿನ್ನ ಎದುರಿಗೆ ಇದ್ದುದು ಅನೇಕರು ಕೂಡಿ ಕಟ್ಟಿದ ಕೋವಿ, ಸೋತದ್ದು ಮಾತ್ರ ನೀನೇ, ಆ ಸೋಲು ನಿನ್ನದಾದುದರಿಂದಲೇ ಅದರಿಂದ ನೀನು ಕಲಿಯಬಲ್ಲೆ. ಕೈಲ್‌ಪೋಳ್ದಿನಂದು ಗುರಿ ತಪ್ಪಿದವನು ಕೋವಿಯನ್ನು ದೂರಿದರೆ ನೆರೆದವರು ನಗುತ್ತಾರೆ. ಅವನು ಸುಮ್ಮನೆ ತಲೆಬಾಗಿ ಕೋವಿಯನ್ನು ಒರೆಸಿಟ್ಟರೆ, ಮುಂದಿನ ವರ್ಷ ಅವನಿಗೆ ದಾರಿಬಿಟ್ಟು ನಿಲ್ಲುತ್ತಾರೆ.